ಕಪ್ಪುಹಲಗೆ ಕಾಣದ ಮಕ್ಕಳು: ಸಮೀಪದೃಷ್ಟಿಯ ಚರಿತ್ರೆ ಹೇಳುವ ಪಾಠ

ಕಳೆದ ಕೆಲವು ವರ್ಷಗಳಿಂದ ನನ್ನ ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ, ದೂರವಾಣಿಯ ಮಾತುಗಳಲ್ಲಿ ಒಂದು ಚಿಂತೆ ಮತ್ತೆ ಮತ್ತೆ ಕೇಳಿಬರುತ್ತಿದೆ. "ಸಾರ್, ಮಗಳಿಗೆ ಎರಡನೆಯ ತರಗತಿಯಲ್ಲೇ ಕನ್ನಡಕ ಬಂದುಬಿಟ್ಟಿತು. ವರ್ಷವರ್ಷವೂ ನಂಬರು ಏರುತ್ತಲೇ ಇದೆ. ಏನು ಮಾಡೋದು?" ನಾನು ವೈದ್ಯನಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಚರಿತ್ರೆ ಬೋಧಿಸಿದವನು. ಚಿಕಿತ್ಸೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನೇತ್ರತಜ್ಞರು. ಆದರೆ ಈ ದೋಷಕ್ಕೆ ಒಂದು ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯ ಬಹುಭಾಗ ನಡೆದದ್ದು ಆಸ್ಪತ್ರೆಗಳಿಗಿಂತ ಹೆಚ್ಚಾಗಿ ಶಾಲೆಯ ಕೊಠಡಿಗಳಲ್ಲಿ. ಅದನ್ನು ತಿಳಿದರೆ ಇಂದಿನ ಸಲಹೆಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ವಿವೇಚಿಸಲು ಸಹಾಯವಾದೀತೆಂಬ ನಂಬಿಕೆಯಿಂದ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ದೋಷವೆಂದರೇನು ಎಂಬುದನ್ನು ನೋಡೋಣ. ಹತ್ತಿರದ್ದು ಸ್ಪಷ್ಟವಾಗಿ, ದೂರದ್ದು ಮಸುಕಾಗಿ ಕಾಣುವುದು ಸಮೀಪದೃಷ್ಟಿ. ಕಣ್ಣಿನ ಶಕ್ತಿ ಕುಂದಿದೆ ಎಂದು ಜನ ಹೇಳುವುದುಂಟು, ಅದು ಸರಿಯಲ್ಲ. ಶಾಲಾ ವಯಸ್ಸಿನ ಬಹುಪಾಲು ಮಕ್ಕಳಲ್ಲಿ ಕಣ್ಣುಗುಡ್ಡೆಯು ಮುಂದಿನಿಂದ ಹಿಂದಕ್ಕೆ ಅಗತ್ಯಕ್ಕಿಂತ ಹೆಚ್ಚು ಉದ್ದವಾಗಿ ಬೆಳೆಯುವುದೇ ಇದಕ್ಕೆ ಕಾರಣ. ಬೆಳೆದವರ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಇದು ಒಂದೇ ಮಿಲಿಮೀಟರ್ ಹೆಚ್ಚಾದರೂ ಕನ್ನಡಕದ ನಂಬರು ಹೆಚ್ಚುಕಡಿಮೆ ಮೈನಸ್ ಎರಡೂವರೆ ಆಗುತ್ತದೆ. ದೂರದ ವಸ್ತುವಿನ ಬಿಂಬ ರೆಟಿನಾ ಎಂಬ ಅಕ್ಷಿಪಟಲದ ಮೇಲೆ ಬೀಳುವ ಬದಲು ಅದಕ್ಕಿಂತ ಮುಂದೆಯೇ ಮೂಡಿಬಿಡುತ್ತದೆ. ಒಮ್ಮೆ ಉದ್ದವಾದ ಕಣ್ಣು ಮತ್ತೆ ಕುಗ್ಗಿ ಮೊದಲಿನಂತಾಗುವುದಿಲ್ಲ. ನಂಬರು ಮೈನಸ್ ಆರನ್ನು ದಾಟಿದವರಲ್ಲಿ ಅಕ್ಷಿಪಟಲವು ಹಿಗ್ಗಿ ತೆಳುವಾಗಿ, ಮುಂದೆ ಅದು ಹರಿಯುವ, ಕಳಚಿಕೊಳ್ಳುವ ಅಪಾಯ ಹೆಚ್ಚು. ಕನ್ನಡಕವು ನೋಟವನ್ನು ಸರಿಪಡಿಸುತ್ತದೆಯೇ ಹೊರತು ಈ ಅಪಾಯವನ್ನು ತಗ್ಗಿಸುವುದಿಲ್ಲ. ಎಷ್ಟು ಚಿಕ್ಕ ವಯಸ್ಸಿನಲ್ಲಿ ದೋಷ ಆರಂಭವಾಗುತ್ತದೆಯೋ ಅದು ಏರಲು ಅಷ್ಟು ಹೆಚ್ಚು ವರ್ಷಗಳಿರುತ್ತವೆ. ಆದ್ದರಿಂದ ಆರಂಭವನ್ನು ಎರಡು ಮೂರು ವರ್ಷ ಮುಂದೂಡುವುದೂ ಒಂದು ದೊಡ್ಡ ಲಾಭವೇ.

ನೋಟವನ್ನು ಸರಿಪಡಿಸುವ ವಿದ್ಯೆ ಹಳೆಯದು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಹುಟ್ಟಿದ ಮೊದಲ ಕನ್ನಡಕಗಳು ವಯಸ್ಸಾದವರು ಓದಲೆಂದು ಮಾಡಿದ ಪೀನ ಮಸೂರಗಳು. ಸಮೀಪದೃಷ್ಟಿಗೆ ಬೇಕಾದ ನಿಮ್ನ ಮಸೂರಗಳು ಹದಿನೈದನೆಯ ಶತಮಾನದ ಹೊತ್ತಿಗೆ ಬಂದವು. ಚಿತ್ರಕಾರ ರಾಫೆಲ್ ಸುಮಾರು 1518ರಲ್ಲಿ ಬರೆದ ಹತ್ತನೆಯ ಲಿಯೋ ಪೋಪರ ಚಿತ್ರದಲ್ಲಿ ಪೋಪರ ಕೈಯಲ್ಲಿ ಅಂಥದೊಂದು ಮಸೂರವನ್ನು ಕಾಣಬಹುದು. ಅದು ಹೇಗೆ ಕೆಲಸ ಮಾಡುತ್ತದೆಂಬುದನ್ನು 1604ರಲ್ಲಿ ವಿವರಿಸಿದವನು ಗ್ರಹಗಳ ಚಲನೆಯ ನಿಯಮಗಳಿಂದ ನಿಮಗೆ ಪರಿಚಿತನಾದ ಯೋಹಾನ್ ಕೆಪ್ಲರ್. ಬಿಂಬ ಮೂಡುವುದು ಅಕ್ಷಿಪಟಲದ ಮೇಲೆ ಎಂದು ತೋರಿಸಿಕೊಟ್ಟವನೂ ಅವನೇ. ಬಾಲ್ಯದ ಸಿಡುಬಿನಿಂದ ಅವನ ದೃಷ್ಟಿಯೇ ಮಂದವಾಗಿತ್ತು.

ಈ ದೋಷ ಯಾರಿಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಎಣಿಕೆಯ ಮೂಲಕ ಕೇಳಿದವರಲ್ಲಿ ಮೊದಲಿಗರೊಬ್ಬರು ಇಂಗ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ವೇರ್. ಅವರು 1813ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಸುಮಾರು ಹತ್ತು ಸಾವಿರ ಕಾಲಾಳು ಸೈನಿಕರಲ್ಲಿ ಸಮೀಪದೃಷ್ಟಿಯವರು ಆರೇಳು ಮಂದಿಯೂ ಇರಲಿಲ್ಲ. ಆದರೆ ಆಕ್ಸ್‌ಫರ್ಡಿನ ಒಂದೇ ಕಾಲೇಜಿನಲ್ಲಿ 127 ಜನರ ಪೈಕಿ 32 ಮಂದಿ ಕನ್ನಡಕವನ್ನೋ ಕೈಮಸೂರವನ್ನೋ ಬಳಸುತ್ತಿದ್ದರು. ಬಯಲಿನಲ್ಲಿ ಬಾಳುವವರಿಗೆ ಇಲ್ಲದ ದೋಷ ಪುಸ್ತಕದ ಮುಂದೆ ಕೂತವರಿಗೆ ಇದೆ ಎಂಬ ಅನುಮಾನ ಅಲ್ಲಿಂದ ಬಲವಾಯಿತು.

ಆ ಅನುಮಾನಕ್ಕೆ ಅಂಕಿಅಂಶಗಳ ಬಲ ಕೊಟ್ಟವರು ಹೆರ್ಮನ್ ಕೋನ್ ಎಂಬ ಜರ್ಮನ್ ನೇತ್ರವೈದ್ಯರು. ಅವರ ಊರು ಬ್ರೆಸ್ಲೌ. ಇಂದು ಪೋಲೆಂಡಿಗೆ ಸೇರಿ ವ್ರೊತ್ಸ್ವಾಫ್ ಎಂದು ಕರೆಸಿಕೊಳ್ಳುವ ನಗರ. 1865–66ರಲ್ಲಿ ಅವರು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಕಣ್ಣುಗಳನ್ನು ಪರೀಕ್ಷಿಸಿದರು. ಪರೀಕ್ಷೆಗೊಳಗಾದವರ ಸಂಖ್ಯೆ 10,060. ಫಲಿತಾಂಶ 1867ರಲ್ಲಿ ಪುಸ್ತಕವಾಗಿ ಬಂತು. ಹಳ್ಳಿ ಶಾಲೆಗಳಲ್ಲಿ ಸಮೀಪದೃಷ್ಟಿ ಶೇಕಡಾ 1.4, ಉನ್ನತ ವ್ಯಾಸಂಗಕ್ಕೆ ಸಿದ್ಧಗೊಳಿಸುವ ಗಿಮ್ನಾಸಿಯಂ ಶಾಲೆಗಳಲ್ಲಿ ಶೇಕಡಾ 26.2. ಶಾಲೆಯ ಮಟ್ಟ ಏರಿದಂತೆ, ತರಗತಿ ಏರಿದಂತೆ ದೋಷವೂ ಏರುತ್ತಿತ್ತು. ಒಂದು ದೇಶದ ವಿದ್ಯಾಭ್ಯಾಸ ಕ್ರಮವೇ ತನ್ನ ಮಕ್ಕಳ ಕಣ್ಣನ್ನು ಕೆಡಿಸುತ್ತಿದೆ ಎಂಬ ಆಪಾದನೆಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿರಲಿಲ್ಲ.

ಕಾರಣವನ್ನು ಕೋನ್ ಹುಡುಕಿದ್ದು ಕೊಠಡಿಯ ಒಳಗೆ. ಮೇಜು ತೀರ ತಗ್ಗು, ಅಕ್ಷರ ತೀರ ಸಣ್ಣದು, ಬೆಳಕು ತೀರ ಕಡಿಮೆ. ಹಾಗಾಗಿ ಮಗು ಬಾಗುತ್ತದೆ, ಪುಸ್ತಕ ಕಣ್ಣಿನ ಹತ್ತಿರಕ್ಕೆ ಬರುತ್ತದೆ, ಕಣ್ಣು ಕೆಡುತ್ತದೆ ಎಂಬುದು ಅವರ ವಾದ. ಕಿಟಕಿಗಳ ವಿಸ್ತಾರ ನೆಲದ ವಿಸ್ತಾರದ ಐದನೆಯ ಒಂದು ಪಾಲಾದರೂ ಇರಬೇಕೆಂದರು. ಶಾಲೆಯಲ್ಲಿ ಬೆಳಕು ಹೆಚ್ಚಾಯಿತೆಂಬ ಮಾತೇ ಇಲ್ಲ ಎಂದು ಸಾರಿದರು. ಎಡಗಡೆಯಿಂದ ಬೆಳಕು ಬೀಳಬೇಕು, ಬೆಂಚು ಮತ್ತು ಡೆಸ್ಕು ಮಗುವಿನ ಎತ್ತರಕ್ಕೆ ಹೊಂದಬೇಕು, ಪಠ್ಯಪುಸ್ತಕದ ಅಕ್ಷರ ದಪ್ಪವಾಗಿರಬೇಕು ಎಂದು ನಮ್ಮ ಶಿಕ್ಷಕರ ತರಬೇತಿಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದ ಶಾಲಾ ಆರೋಗ್ಯದ ನಿಯಮಗಳ ಹಿಂದೆ ಇರುವುದು ಆ ಕಾಲದ ಈ ಚಳವಳಿಯೇ. ಮೇಜುಗಳು ಬದಲಾದವು, ಕಿಟಕಿಗಳು ದೊಡ್ಡದಾದವು. ಆದರೂ ಸಮೀಪದೃಷ್ಟಿ ಮಾಯವಾಗಲಿಲ್ಲ. ಕೋನ್ ಅವರ ಎಣಿಕೆ ನಿಜ. ಬೆಳಕಿನ ಬಗ್ಗೆ ಅವರಿಗಿದ್ದ ಕಾಳಜಿಯೂ ನಿಜ. ಆದರೆ ಎಷ್ಟು ಬೆಳಕು ಬೇಕು ಮತ್ತು ಅದು ಎಲ್ಲಿ ಸಿಗುತ್ತದೆ ಎಂಬ ಉತ್ತರ ಬರಲು ಇನ್ನೂ ಒಂದೂವರೆ ಶತಮಾನ ಕಾಯಬೇಕಾಯಿತು.

ಈ ನಡುವೆ ಕೆಲವರು ಇನ್ನೂ ಮುಂದೆ ಹೋದರು. 1908ರಲ್ಲಿ ಲಂಡನ್ನಿನ ಕ್ಯಾಂಬರ್ವೆಲ್ ಬಡಾವಣೆಯಲ್ಲಿ ತೀವ್ರ ಸಮೀಪದೃಷ್ಟಿಯ ಮಕ್ಕಳಿಗೆಂದೇ ಒಂದು ಪ್ರತ್ಯೇಕ ಶಾಲೆ ಆರಂಭವಾಯಿತು. ಇದರ ಹಿಂದಿದ್ದವರು ಜೇಮ್ಸ್ ಕೆರ್ ಮತ್ತು ಬಿಷಪ್ ಹಾರ್ಮನ್ ಎಂಬ ವೈದ್ಯರು. ಅಲ್ಲಿ ಸಾಮಾನ್ಯ ಪುಸ್ತಕಗಳಿಗೆ ಪ್ರವೇಶವಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲಿ, ಬರವಣಿಗೆಯೆಲ್ಲ ತೋಳು ಚಾಚಿ, ಕಪ್ಪುಹಲಗೆಯ ಮೇಲೆ, ದೊಡ್ಡ ಅಕ್ಷರಗಳಲ್ಲಿ, ಉಳಿದ ಸಮಯ ಕೈಕೆಲಸ. ಕಣ್ಣನ್ನು ಉಳಿಸಲು ಓದನ್ನೇ ಬಿಡಿಸುವ ಈ ಪ್ರಯೋಗ ಬೇರೆ ಊರುಗಳಿಗೂ ಹಬ್ಬಿತು. ಅಮೆರಿಕದ ಬಾಸ್ಟನ್ನಿನಲ್ಲಿ 1913ರಲ್ಲಿ ಇಂಥದೇ ತರಗತಿ ತೆರೆಯಿತು. ಒಬ್ಬ ಶಿಕ್ಷಕನಾಗಿ ಇದನ್ನು ಓದುವಾಗ ನನ್ನ ಮನಸ್ಸು ಎರಡಾಗುತ್ತದೆ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಏರ್ಪಾಡು ಅದು. ಆದರೆ ಅಕ್ಷರವನ್ನು ಕಸಿದುಕೊಂಡ ಮೇಲೆ ಶಾಲೆಯಲ್ಲಿ ಉಳಿಯುವುದೇನು?

ಇಪ್ಪತ್ತನೆಯ ಶತಮಾನದಲ್ಲಿ ಎರಡು ಅಭಿಪ್ರಾಯಗಳು ಪ್ರಬಲವಾದವು. ಒಂದು ವೈದ್ಯರದು: ಇದೆಲ್ಲ ವಂಶಪಾರಂಪರ್ಯ, ಹಣೆಬರಹವಿದ್ದಂತೆ. ಲಂಡನ್ನಿನ ಆರ್ನಲ್ಡ್ ಸಾರ್ಸ್‌ಬಿ ಅವಳಿ ಮಕ್ಕಳ ಕಣ್ಣುಗಳನ್ನು ಅಳೆದು 1962ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಗೆ ಆಧಾರವಾಯಿತು. ಇನ್ನೊಂದು ಅಮೆರಿಕದ ವಿಲಿಯಂ ಬೇಟ್ಸ್ ಅವರದು. ಕಣ್ಣಿನ ಹೊರಗಿನ ಸ್ನಾಯುಗಳ ಬಿಗಿತವೇ ದೋಷಕ್ಕೆ ಮೂಲ, ವ್ಯಾಯಾಮದಿಂದ ಕನ್ನಡಕವನ್ನೇ ಬಿಸಾಡಬಹುದು ಎಂದು ಅವರು 1920ರಲ್ಲಿ ಬರೆದರು. ಅಂಗೈಯಿಂದ ಕಣ್ಣು ಮುಚ್ಚಿಕೊಳ್ಳುವುದು, ಸೂರ್ಯನ ಕಡೆ ಮುಖ ಮಾಡುವುದು ಮುಂತಾದ ಅವರ ಉಪಾಯಗಳು ನಮ್ಮಲ್ಲಿಯೂ ಪ್ರಕೃತಿ ಚಿಕಿತ್ಸೆಯ ಪುಸ್ತಕಗಳ ಮೂಲಕ ಪ್ರಚಾರ ಪಡೆದವು. ಇವುಗಳಿಂದ ಉದ್ದವಾದ ಕಣ್ಣು ಗಿಡ್ಡವಾಗುವುದಿಲ್ಲ. ಸೂರ್ಯನನ್ನು ನೇರವಾಗಿ ನೋಡುವುದಂತೂ ಅಕ್ಷಿಪಟಲವನ್ನೇ ಸುಡುವ ಕೆಲಸ. ದಯವಿಟ್ಟು ಯಾವ ಮಗುವಿಗೂ ಮಾಡಿಸಬೇಡಿ.

ಇಲ್ಲಿ ನಮ್ಮ ಶಾಲೆಗಳ ಮಾತನ್ನು ಸ್ವಲ್ಪ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಣ್ಣಿನ ಕಾಯಿಲೆಯೆಂದರೆ ಪೊರೆ ಮತ್ತು ಇರುಳುಗುರುಡು. ಡಾ. ಎಂ. ಸಿ. ಮೋದಿಯವರ ಶಸ್ತ್ರಚಿಕಿತ್ಸಾ ಶಿಬಿರಗಳಿಗೆ ಹಳ್ಳಿಯ ಹಿರಿಯರನ್ನು ಗಾಡಿ ಕಟ್ಟಿ ಕರೆದೊಯ್ಯುತ್ತಿದ್ದರು. ಮಕ್ಕಳ ನೋಟ ಮಸುಕಾಗಿರಬಹುದೆಂಬ ಯೋಚನೆ ಯಾರಿಗೂ ಇರಲಿಲ್ಲ. ಎಂಟನೆಯ ತರಗತಿಯ ಒಬ್ಬ ಹುಡುಗಿಯನ್ನು ಎಲ್ಲರೂ ಮಂದಬುದ್ಧಿಯವಳೆಂದೇ ತಿಳಿದಿದ್ದರು. ಹಲಗೆಯ ಮೇಲಿನ 3 ಅವಳ ಪುಸ್ತಕದಲ್ಲಿ 8 ಆಗುತ್ತಿತ್ತು. ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳೆಂಬ ದೂರು ಬೇರೆ. ಕಣ್ಣು ಪರೀಕ್ಷಿಸುವ ತಂಡ ಶಾಲೆಗೆ ಬಂದ ದಿನ ಫಲಕದ ಮೇಲಿನ ಸಾಲುಗಳನ್ನೂ ಅವಳಿಗೆ ಓದಲಾಗಲಿಲ್ಲ. ಅವಳ ತಂದೆ ಬಂದು, "ಹೆಣ್ಣುಹುಡುಗಿಗೆ ಕನ್ನಡಕ ಹಾಕಿಸಿದ್ರೆ ನಾಳೆ ಯಾರು ಮದುವೆ ಆಗ್ತಾರೆ ಮೇಷ್ಟ್ರೇ?" ಎಂದರು. ನಮ್ಮ ಮುಖ್ಯೋಪಾಧ್ಯಾಯರು ಒಂದು ವಾರ ಬಿಡದೆ ಹೇಳಿ ಒಪ್ಪಿಸಿದರು. ಹುಡುಗಿ ಕನ್ನಡಕವನ್ನು ತರಗತಿಯಲ್ಲಿ ಮಾತ್ರ ಹಾಕಿಕೊಂಡು, ಮನೆಗೆ ಹೊರಡುವಾಗ ಚೀಲದೊಳಗೆ ಇಟ್ಟು ನಡೆಯುತ್ತಿದ್ದಳು. ಆ ವರ್ಷದ ಕೊನೆಯಲ್ಲಿ ಅವಳ ಗಣಿತದ ಅಂಕಗಳು ಎಲ್ಲರ ಬಾಯನ್ನೂ ಮುಚ್ಚಿಸಿದವು. 'ಸೋಡಾಬುಡ್ಡಿ' ಎಂಬ ಗೇಲಿಗೆ ಅಂಜಿ, ಕನ್ನಡಕ ಹಾಕಿದರೆ ನಂಬರು ಏರುತ್ತದೆ ಎಂಬ ಮಾತು ನಂಬಿ, ಎಷ್ಟು ಮಕ್ಕಳು ಮಸುಕಿನಲ್ಲೇ ಶಾಲೆ ಮುಗಿಸಿದರೋ!

ಆ ನಂಬಿಕೆಯ ಒಂದು ಮಗ್ಗುಲನ್ನು ಪರೀಕ್ಷಿಸಿಯೂ ನೋಡಲಾಗಿದೆ. ನಂಬರನ್ನು ಬೇಕೆಂದೇ ಸ್ವಲ್ಪ ಕಡಿಮೆ ಕೊಟ್ಟರೆ ದೋಷ ನಿಧಾನವಾಗುತ್ತದೆಂದು ವೈದ್ಯರಲ್ಲೂ ಕೆಲವರು ನಂಬಿದ್ದರು. ಮಲೇಷಿಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಾಗೆ ಕಡಿಮೆ ನಂಬರಿನ ಕನ್ನಡಕ ಧರಿಸಿದ ಮಕ್ಕಳ ದೋಷವೇ ಹೆಚ್ಚು ವೇಗವಾಗಿ ಏರಿತ್ತು. ಕನ್ನಡಕವನ್ನು ವೈದ್ಯರು ಹೇಳಿದಷ್ಟು ನಂಬರಿಗೇ ಮಾಡಿಸಿ ಹಾಕಿಸುವುದೇ ಸರಿ.

ಹಣೆಬರಹದ ವಾದಕ್ಕೆ ಮೊದಲ ಪೆಟ್ಟು ಬಿದ್ದದ್ದು ಭೂಮಿಯ ಉತ್ತರದ ತುದಿಯಿಂದ. ಅಲಾಸ್ಕಾದ ಬ್ಯಾರೋ ಎಂಬ ಹಿಮಪ್ರದೇಶದ ಊರಿನಲ್ಲಿ ಫ್ರಾನ್ಸಿಸ್ ಯಂಗ್ ಮತ್ತು ಸಂಗಡಿಗರು ಎಸ್ಕಿಮೋ ಕುಟುಂಬಗಳನ್ನು ಪರೀಕ್ಷಿಸಿ 1969ರಲ್ಲಿ ವರದಿ ಮಾಡಿದರು. ಹಿಂದಿನ ತಲೆಮಾರಿನ 131 ಜನರಲ್ಲಿ ಸಮೀಪದೃಷ್ಟಿ ಇದ್ದದ್ದು ಇಬ್ಬರಿಗೆ ಮಾತ್ರ. ಶಾಲೆಗೆ ಹೋದ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ. ಒಂದೆರಡು ತಲೆಮಾರಿನಲ್ಲಿ ವಂಶದ ರಕ್ತ ಬದಲಾಗುವುದಿಲ್ಲ, ಬದಲಾದದ್ದು ಜೀವನಕ್ರಮ.

ಎರಡನೆಯ ಪೆಟ್ಟು ಪ್ರಯೋಗಾಲಯದಿಂದ. 1977ರಲ್ಲಿ ಟಾರ್ಸ್ಟೆನ್ ವೀಸೆಲ್ ಮತ್ತು ಎಲಿಯೊ ರವಿಯೋಲಾ ಅವರು, ರೆಪ್ಪೆ ಹೊಲಿದು ನೋಟ ತಡೆದ ಮರಿಕೋತಿಗಳ ಕಣ್ಣು ಉದ್ದವಾಗಿ ಬೆಳೆದದ್ದನ್ನು ವರದಿ ಮಾಡಿದರು. ಮರುವರ್ಷ ಜೋಷ್ ವಾಲ್ಮನ್ ಕೋಳಿಮರಿಗಳಲ್ಲೂ ನೋಟವನ್ನು ನಿರ್ಬಂಧಿಸಿ ಸಮೀಪದೃಷ್ಟಿ ಬರಿಸಿ ತೋರಿಸಿದರು. ಮುಂದಿನ ಪ್ರಯೋಗಗಳಲ್ಲಿ ಕಣ್ಣಿನ ಅರ್ಧಭಾಗದ ನೋಟವನ್ನು ಮಾತ್ರ ಮಸುಕು ಮಾಡಿದರೆ ಆ ಅರ್ಧವೇ ಹೆಚ್ಚು ಬೆಳೆಯುವುದು ಕಂಡುಬಂತು. ಅಂದರೆ ಕಣ್ಣು ತನ್ನ ಮೇಲೆ ಬೀಳುವ ಬೆಳಕನ್ನೂ ಬಿಂಬವನ್ನೂ ಗಮನಿಸುತ್ತ, ಎಲ್ಲಿಗೆ ನಿಲ್ಲಬೇಕೆಂದು ತಾನೇ ನಿರ್ಧರಿಸುತ್ತ ಬೆಳೆಯುತ್ತದೆ. ಅದಕ್ಕೆ ತಪ್ಪು ಸೂಚನೆ ಸಿಕ್ಕರೆ ಬೆಳವಣಿಗೆ ಹಾದಿ ತಪ್ಪುತ್ತದೆ.

ಹಾಗಾದರೆ ಮಗುವಿಗೆ ಸರಿಯಾದ ಸೂಚನೆ ಸಿಗುವುದೆಲ್ಲಿ? 2008ರಲ್ಲಿ ಪ್ರಕಟವಾದ ಒಂದು ಹೋಲಿಕೆ ಇದಕ್ಕೆ ದಾರಿ ತೋರಿಸಿತು. ಕ್ಯಾಥರಿನ್ ರೋಸ್ ಮತ್ತು ಸಂಗಡಿಗರು ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಸಿಂಗಪುರ ಮತ್ತು ಸಿಡ್ನಿ ನಗರಗಳಲ್ಲಿ ಪರೀಕ್ಷಿಸಿದರು. ಸಿಂಗಪುರದಲ್ಲಿ ಶೇಕಡಾ 29.1ರಷ್ಟು ಮಕ್ಕಳಿಗೆ ಸಮೀಪದೃಷ್ಟಿ. ಸಿಡ್ನಿಯಲ್ಲಿ ಶೇಕಡಾ 3.3. ತಂದೆತಾಯಿಯರ ದೋಷದಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಸಿಡ್ನಿಯ ಮಕ್ಕಳು ಓದುತ್ತಿದ್ದ ಪುಸ್ತಕಗಳೂ ಕಡಿಮೆಯಿರಲಿಲ್ಲ. ಎದ್ದುಕಂಡ ವ್ಯತ್ಯಾಸ ಒಂದೇ: ಸಿಡ್ನಿಯ ಮಕ್ಕಳು ವಾರಕ್ಕೆ ಸುಮಾರು 14 ಗಂಟೆ ಮನೆಯ ಹೊರಗೆ ಕಳೆಯುತ್ತಿದ್ದರು, ಸಿಂಗಪುರದವರು ಸುಮಾರು 3 ಗಂಟೆ.

ಇದು ಕಾಕತಾಳೀಯವಲ್ಲವೆಂದು ತೋರಿಸಲು ಶಾಲೆಗಳೇ ಪ್ರಯೋಗಾಲಯಗಳಾದವು. ಚೀನಾದ ಗ್ವಾಂಗ್‌ಝೌ ನಗರದ ಹನ್ನೆರಡು ಪ್ರಾಥಮಿಕ ಶಾಲೆಗಳನ್ನು ಆರಿಸಿ, ಆರು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷಗಳ ಹೊರಾಂಗಣ ತರಗತಿಯನ್ನು ಹೆಚ್ಚುವರಿಯಾಗಿ ಸೇರಿಸಿದರು. ಮೂರು ವರ್ಷಗಳ ಬಳಿಕ ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಶಾಲೆಗಳಲ್ಲಿ ಶೇಕಡಾ 30.4, ಉಳಿದ ಆರರಲ್ಲಿ 39.5. ಈ ವರದಿ ಬಂದದ್ದು 2015ರಲ್ಲಿ. ತೈವಾನ್ ಸರ್ಕಾರ 2010ರಲ್ಲಿಯೇ ಪ್ರತಿ ಮಗುವೂ ದಿನಕ್ಕೆ 120 ನಿಮಿಷ ಹೊರಗಿರಬೇಕೆಂಬ ಕಾರ್ಯಕ್ರಮ ಆರಂಭಿಸಿತ್ತು; ವರ್ಷವರ್ಷವೂ ಏರುತ್ತಿದ್ದ ಮಂದದೃಷ್ಟಿಯ ಪ್ರಮಾಣ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಇಳಿಮುಖವಾಯಿತು.

ಕಾರಣವೇನು? ಬಯಲಿನ ಹಗಲುಬೆಳಕು ಹತ್ತು ಸಾವಿರ ಲಕ್ಸ್‌ಗಿಂತ ಹೆಚ್ಚು. ಮರದ ನೆರಳಿನಲ್ಲೂ ಅದು ಸಾವಿರಗಳ ಲೆಕ್ಕದಲ್ಲೇ ಇರುತ್ತದೆ. ದೀಪ ಹಾಕಿದ ತರಗತಿಯಲ್ಲಿ ಕೆಲವು ನೂರು ಮಾತ್ರ. ಪ್ರಖರವಾದ ಬೆಳಕು ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ಹೆಚ್ಚಿಸಿ, ಕಣ್ಣಿನ ಅತಿಬೆಳವಣಿಗೆಗೆ ತಡೆಯೊಡ್ಡುತ್ತದೆಂಬುದು ಬಹುಮಾನ್ಯವಾದ ವಿವರಣೆ. ಕೋನ್ ಬೆಳಕನ್ನು ಕಿಟಕಿಯಿಂದ ಒಳಗೆ ತರಲು ಹೋರಾಡಿದರು. ಮಗುವನ್ನೇ ಬಾಗಿಲಿನಿಂದ ಹೊರಗೆ ಕಳುಹಿಸಬೇಕಾಗಿತ್ತು. ಪುಸ್ತಕ ನಿರ್ದೋಷಿಯೆಂದು ನಾನು ಹೇಳುತ್ತಿಲ್ಲ. ಬಹಳ ಹೊತ್ತು ಬಹಳ ಹತ್ತಿರದಿಂದ ನೋಡುವುದೂ ಕಾರಣವೇ. ಆದರೆ ಓದನ್ನು ಬಿಡಿಸದೆ ಕಣ್ಣನ್ನು ಕಾಯುವ ದಾರಿಯೊಂದಿದೆ ಎಂಬುದು ನನ್ನಂಥ ಶಿಕ್ಷಕನಿಗೆ ಸಮಾಧಾನದ ಸಂಗತಿ.

ದೋಷ ಈಗಾಗಲೇ ಬಂದಿರುವ ಮಕ್ಕಳ ಸಂಗತಿಯನ್ನೂ ಹೇಳಬೇಕು. ಹೊರಗಿನ ಬೆಳಕು ಹೆಚ್ಚಾಗಿ ಸಹಾಯ ಮಾಡುವುದು ದೋಷ ಆರಂಭವಾಗದಂತೆ ತಡೆಯುವುದರಲ್ಲಿ. ಬಂದ ಮೇಲೆ ಅದರ ಪರಿಣಾಮ ಅಷ್ಟು ನಿಶ್ಚಿತವಲ್ಲ. ಅಲ್ಲಿಂದ ಮುಂದಕ್ಕೆ ವೈದ್ಯರ ಬಳಿ ಈಗ ಕೆಲವು ಸಾಧನಗಳಿವೆ. ಒಂದು, ಬೆಲಡೋನ ಗಿಡದಿಂದ ಬಂದ ಹಳೆಯ ಔಷಧಿ ಅಟ್ರೋಪಿನ್. ಸಿಂಗಪುರದಲ್ಲಿ 2006ರಲ್ಲಿ ವರದಿಯಾದ ಪ್ರಯೋಗದಲ್ಲಿ ಶೇಕಡಾ 1ರ ಹನಿ ದೋಷದ ಏರಿಕೆಯನ್ನು ಬಹಳ ತಗ್ಗಿಸಿತು. ಆದರೆ ಬಿಸಿಲು ಕುಕ್ಕುತ್ತಿತ್ತು, ಹತ್ತಿರದ್ದು ಮಸುಕಾಗುತ್ತಿತ್ತು, ನಿಲ್ಲಿಸಿದ ಮೇಲೆ ನಂಬರು ವೇಗವಾಗಿ ಏರುತ್ತಿತ್ತು. ಆಮೇಲೆ ಅದನ್ನು ಬಹಳ ತೆಳುಮಾಡಿ ಪರೀಕ್ಷಿಸಿದರು. ಹಾಂಗ್‌ಕಾಂಗ್‌ನ 2019ರ ವರದಿಯಲ್ಲಿ ಶೇಕಡಾ 0.05ರ ಹನಿ ಹೆಚ್ಚು ಫಲ ನೀಡಿತು. ಶೇಕಡಾ 0.01ರ ಹನಿಯಿಂದ ನಮ್ಮ ದೇಶದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಪ್ರಯೋಗದಲ್ಲಿ ಪ್ರಯೋಜನ ಕಂಡರೆ, ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಾಣಲಿಲ್ಲ. ಇದು ವೈದ್ಯರ ಚೀಟಿಯಿಲ್ಲದೆ ಮುಟ್ಟಬಾರದ ಔಷಧಿ. ನಮ್ಮ ಬೇಲಿಗಳಲ್ಲಿ ಬೆಳೆಯುವ ಉಮ್ಮತ್ತಿಯಲ್ಲಿ ಇರುವುದೂ ಇದೇ ಜಾತಿಯ ವಿಷ ಎಂಬುದನ್ನು ನೆನಪಿಡಿ. ಇನ್ನೊಂದು, ವಿಶೇಷ ರಚನೆಯ ಮಸೂರಗಳು. ಹಾಂಗ್‌ಕಾಂಗ್‌ನಲ್ಲೇ ಪರೀಕ್ಷಿಸಿದ ಅಂಥ ಒಂದು ಕನ್ನಡಕ ಎರಡು ವರ್ಷಗಳಲ್ಲಿ ದೋಷದ ಏರಿಕೆಯನ್ನು ಸುಮಾರು ಅರ್ಧದಷ್ಟು ತಗ್ಗಿಸಿತೆಂದು 2020ರಲ್ಲಿ ವರದಿಯಾಯಿತು. ಹಗಲಿನಲ್ಲಿ ಧರಿಸುವ, ರಾತ್ರಿ ಧರಿಸಿ ಮಲಗುವ ಕಾಂಟ್ಯಾಕ್ಟ್ ಲೆನ್ಸುಗಳೂ ಇವೆ. ಇವಕ್ಕೆ ಶುಚಿತ್ವದ ಕಟ್ಟುನಿಟ್ಟು ಬೇಕು. ಇವುಗಳಲ್ಲಿ ಯಾವುದೂ ದೋಷವನ್ನು ಇಲ್ಲವಾಗಿಸುವುದಿಲ್ಲ, ನಿಧಾನಗೊಳಿಸುತ್ತವೆ ಅಷ್ಟೆ.

ಇದು ಸಿಂಗಪುರ, ಚೀನಾಗಳ ಕಥೆ, ನಮಗೇಕೆ ಎನ್ನಬೇಡಿ. ದೆಹಲಿಯಲ್ಲಿ ಐದರಿಂದ ಹದಿನೈದು ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಸಮೀಪದೃಷ್ಟಿ 2002ರ ವರದಿಯಂತೆ ಶೇಕಡಾ 7.4, 2015ರ ವರದಿಯಂತೆ 13.1. ಎರಡೂ ಅಧ್ಯಯನಗಳ ಕ್ರಮ ಒಂದೇ ಅಲ್ಲವಾದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಸ್ಪಷ್ಟ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಆಡುವ ಮಕ್ಕಳಲ್ಲಿ ದೋಷ ಕಡಿಮೆಯಿದ್ದುದು ಅಲ್ಲಿಯೂ ಕಂಡುಬಂತು. ನಮ್ಮ ನಾಡಿನಲ್ಲಿ ಬಿಸಿಲಿಗೆ ಬರವಿಲ್ಲ. ಬರ ಇರುವುದು ಬಿಡುವಿಗೆ. ಪರೀಕ್ಷೆ ಹತ್ತಿರ ಬಂದೊಡನೆ ಮೊದಲು ಬಲಿಯಾಗುವುದು ಆಟದ ಪೀರಿಯಡ್ಡು. ಅದನ್ನು ಗಣಿತಕ್ಕೋ ಇಂಗ್ಲಿಷಿಗೋ ಕೊಡುವುದು ಶ್ರದ್ಧೆಯ ಲಕ್ಷಣವೆಂದೇ ಎಲ್ಲರ ಭಾವನೆ. ನಗರಗಳಲ್ಲಿ ಮೈದಾನವೇ ಇಲ್ಲದ ಶಾಲೆಗಳೂ ಇವೆ. ಶಾಲೆ ಬಿಟ್ಟ ಮೇಲೆ ಮನೆಪಾಠ, ಅದಾದ ಮೇಲೆ ಮೊಬೈಲು. ಮಗು ಹೊರಗೆ ಬರುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ.

ನಿಮ್ಮಲ್ಲಿ ಹಲವರು ಇಂದು ತಂದೆತಾಯಿಗಳು, ಕೆಲವರು ಶಿಕ್ಷಕರು, ಒಬ್ಬಿಬ್ಬರು ಮುಖ್ಯೋಪಾಧ್ಯಾಯರೂ ಆಗಿದ್ದೀರಿ. ನಿಮ್ಮೆಲ್ಲರಲ್ಲಿ ನನ್ನ ಕೋರಿಕೆ ಇಷ್ಟೆ. ಮಗು ಹಲಗೆ ನೋಡುವಾಗ ಕಣ್ಣು ಕಿರಿದು ಮಾಡಿದರೆ, ಟಿ.ವಿ.ಯ ಹತ್ತಿರ ಹತ್ತಿರ ಹೋದರೆ ಗದರಬೇಡಿ, ಕಣ್ಣು ಪರೀಕ್ಷೆ ಮಾಡಿಸಿ. ತಂದೆತಾಯಿಯರಿಗೆ ಕನ್ನಡಕವಿದ್ದರೆ ಕಾಯದೆ ಮಾಡಿಸಿ. ಕನ್ನಡಕ ಬಂದರೆ ನಾಚಿಕೆಯಿಲ್ಲದೆ ಹಾಕಿಸಿ, ವರ್ಷಕ್ಕೊಮ್ಮೆಯಾದರೂ ಮತ್ತೆ ತೋರಿಸಿ, ನಂಬರು ಬೇಗ ಏರುತ್ತಿದ್ದರೆ ಅದನ್ನು ನಿಧಾನಗೊಳಿಸುವ ಉಪಾಯಗಳ ಬಗ್ಗೆ ವೈದ್ಯರನ್ನು ಕೇಳಿ. ಬರದಿದ್ದರೆ, ಇನ್ನೂ ಚಿಕ್ಕವರಿರುವಾಗಲೇ, ದಿನಕ್ಕೆ ಎರಡು ಗಂಟೆ ಹಗಲುಬೆಳಕಿನಲ್ಲಿ ಬಿಡಿ. ಆಟವೇ ಆಗಬೇಕೆಂದಿಲ್ಲ, ಶಾಲೆಗೆ ನಡೆದು ಹೋಗುವುದು, ಮರದಡಿ ಊಟ, ಮರದಡಿ ಪಾಠ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಶಾಲೆ ನಡೆಸುವವರು ಆಟದ ಪೀರಿಯಡ್ಡನ್ನು ಯಾವ ವಿಷಯದ ಶಿಕ್ಷಕರು ಬಂದು ಕೇಳಿದರೂ ಕೊಡಬೇಡಿ. ಚರಿತ್ರೆಯ ಶಿಕ್ಷಕರು ಕೇಳಿದರೂ ಕೊಡಬೇಡಿ.